ಬೆನ್ನು ಮತ್ತು ಸೊಂಟದ ಸ್ನಾಯುಗಳ ಅಭ್ಯಾಸ: ಒಂಬತ್ತನೆಯ ವಾರದ ದಾಖಲೆ

ನೋವು ಬಿಟ್ಟು ಐದು ವಾರಗಳಾದರೂ ಈ ದಾಖಲೆಯನ್ನು ಮುಂದುವರಿಸಿದ್ದೇನೆ. 20 ಲೀಟರಿನ ನೀರಿನ ಕ್ಯಾನ್ ಎತ್ತುವಾಗ ಸೊಂಟ ಹಿಡಿದುಕೊಂಡು, ಬಲಗಡೆ ಮಲಗಲೂ ಆಗದಂತಾದ ದಿನಗಳಲ್ಲಿ, ನೋವು ಹೋದರೆ ಸ್ನಾಯುವೂ ತಾನಾಗಿ ಸರಿಹೋಗುತ್ತದೆ ಎಂದೇ ನಂಬಿದ್ದೆ. ಆಸ್ಟ್ರೇಲಿಯಾದ ಜೂಲಿ ಹೈಡ್ಸ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಬಿಡಿಸಿತು. ಮೊದಲ ಬಾರಿ ಸೊಂಟನೋವು ಬಂದವರಲ್ಲಿ, ಬೆನ್ನೆಲುಬಿಗೆ ಅಂಟಿಕೊಂಡಿರುವ ಮಲ್ಟಿಫಿಡಸ್ ಸ್ನಾಯು ನೋವಿದ್ದ ಬದಿಯಲ್ಲಿ ಸೊರಗಿದ್ದುದನ್ನು ಅವರು ಅಲ್ಟ್ರಾಸೌಂಡ್‌ನಲ್ಲಿ ಅಳೆದರು; ಅದಕ್ಕೆಂದೇ ವ್ಯಾಯಾಮ ಮಾಡದವರಲ್ಲಿ, ನೋವು ಮಾಯವಾದ ಮೇಲೂ, 10 ವಾರಗಳಾದರೂ ಅದು ತುಂಬಿಕೊಂಡಿರಲಿಲ್ಲ.

ಅಲ್ಟ್ರಾಸೌಂಡ್ ಮನೆಯಲ್ಲಿಲ್ಲದ ಕಾರಣ, ಡೆನ್ಮಾರ್ಕಿನ ಬೀರಿಂಗ್-ಸೋರೆನ್ಸನ್ 1984ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನೇ ನೆಚ್ಚಿಕೊಂಡಿದ್ದೇನೆ. ಸೊಂಟದ ಎಲುಬಿನ ಮೇಲಂಚು ಮಂಚದ ತುದಿಗೆ ಬರುವಂತೆ ಬೋರಲು ಮಲಗಿ, ಕಾಲುಗಳನ್ನು ಅಮ್ಮನ ಹಳೆಯ ಹತ್ತಿ ಸೀರೆಯಿಂದ ಮಂಚಕ್ಕೆ ಬಿಗಿದು, ಕೈಗಳನ್ನು ಎದೆಗೆ ಕಟ್ಟಿಕೊಂಡು, ಮಂಚದಾಚೆ ಚಾಚಿದ ಮೇಲಿನ ಅರ್ಧ ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಎಷ್ಟು ಹೊತ್ತು ಹಿಡಿಯಬಹುದೆಂದು ನೋಡುವುದು. ಗರಿಷ್ಠ ಮಿತಿ 240 ಸೆಕೆಂಡು. ತಂಗಿ ಸಮಯ ನೋಡುತ್ತಾಳೆ. ಐದನೆಯ ವಾರದಲ್ಲಿ 52 ಸೆಕೆಂಡು ಹಿಡಿದಿದ್ದೆ, ಈ ವಾರ 94.

ಅಂಕಿಗಿಂತ ನನಗೆ ಮುಖ್ಯವೆನಿಸಿದ್ದು ಮೊದಲು ಸೋತದ್ದು ಯಾವುದು ಎಂಬುದು. ಬೆನ್ನು ಇನ್ನೂ ಗಟ್ಟಿಯಾಗಿದ್ದಾಗಲೇ ಬಲಗಡೆಯ ಪೃಷ್ಠ ನಡುಗತೊಡಗಿ, ತೊಡೆಯ ಹಿಂಭಾಗ ಸೆಟೆದುಕೊಂಡಿತು. ಇದನ್ನು ಬೆನ್ನಿನ ಪರೀಕ್ಷೆ ಎಂದು ಕರೆದರೂ, ಆ ಭಂಗಿಯಲ್ಲಿ ಸೊಂಟವನ್ನು ಹಿಂದಕ್ಕೆ ಎಳೆದು ಹಿಡಿಯುವ ಪೃಷ್ಠದ ದೊಡ್ಡ ಸ್ನಾಯು ಗ್ಲೂಟಿಯಸ್ ಮ್ಯಾಕ್ಸಿಮಸ್ ಮತ್ತು ತೊಡೆಯ ಹಿಂಬದಿಯ ಸ್ನಾಯುಗಳೂ ಅಷ್ಟೇ ದುಡಿಯುತ್ತವೆ. ಹಾಗಾಗಿ ನನ್ನ 52ನ್ನು ಬರೀ ಬೆನ್ನಿನ ದೌರ್ಬಲ್ಯವೆಂದು ಬರೆದುಕೊಂಡಿದ್ದು ತಪ್ಪಾಗಿತ್ತು.

ಆ ಅನುಮಾನದಿಂದ ಒಂಟಿಕಾಲಿನ ಪರೀಕ್ಷೆಯನ್ನು ಸೇರಿಸಿಕೊಂಡೆ. ಬಲಗಾಲಿನ ಮೇಲೆ ನಿಂತಾಗ ಸೊಂಟ ಎಡಕ್ಕೆ ಕುಸಿಯದಂತೆ ತಡೆಯುವುದು ಬಲಬದಿಯ ಗ್ಲೂಟಿಯಸ್ ಮೀಡಿಯಸ್, ಅಂದರೆ ಪೃಷ್ಠದ ಪಕ್ಕದಲ್ಲಿರುವ ಸ್ನಾಯು. ಅದು ಸೋತರೆ ಎತ್ತಿದ ಕಾಲಿನ ಕಡೆ ಸೊಂಟ ಇಳಿಯುತ್ತದೆ. ಹಿಂದಿನಿಂದ ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ನನ್ನ ಉಡುದಾರವೇ ಅಳತೆಗೋಲಾಯಿತು: ಎಡಗಾಲಿನಲ್ಲಿ ನಿಂತಾಗ ಕಪ್ಪು ದಾರ ನೆಟ್ಟಗಿತ್ತು, ಬಲಗಾಲಿನಲ್ಲಿ ನಿಂತಾಗ 11ನೆಯ ಸೆಕೆಂಡಿಗೆ ಎಡತುದಿ ಒಂದು ಬೆರಳಿನಷ್ಟು ಜಾರಿತು.

ಈ ಸ್ನಾಯುವಿಗೆಂದೇ ಮಗ್ಗುಲಾಗಿ ಮಲಗಿ ಕಾಲೆತ್ತುವ ವ್ಯಾಯಾಮವನ್ನು ದಿನಕ್ಕೆ 20 ಸಲ ಮಾಡುತ್ತಲೇ ಇದ್ದೆನಲ್ಲ ಎಂದು ಬೇಸರವಾಯಿತು. ಫಿಸಿಯೋಥೆರಪಿಸ್ಟ್ ನೋಡಿದೊಡನೆ ಹೇಳಿದರು, ಕಾಲೆತ್ತುವಾಗ ಸೊಂಟ ಹಿಂದಕ್ಕೆ ಹೊರಳುತ್ತಿದೆ, ಕೆಲಸ ತೊಡೆಯ ಮುಂಭಾಗಕ್ಕೆ ಹೋಗುತ್ತಿದೆ ಎಂದು. ಈಗ ಗೋಡೆಗೆ ಬೆನ್ನು ಆನಿಸಿ ಮಲಗಿ, ಹಿಮ್ಮಡಿ ಗೋಡೆಯನ್ನು ಸವರುತ್ತಲೇ ಮೇಲೇರುವಂತೆ ಮಾಡುತ್ತೇನೆ. ಮೊದಲ ದಿನ 20 ಇದ್ದದ್ದು 8ಕ್ಕೆ ಇಳಿಯಿತು, ಆದರೆ ಆ 8ರಲ್ಲಿ ಉರಿ ಎದ್ದದ್ದು ಸರಿಯಾದ ಜಾಗದಲ್ಲಿ.

ಇದನ್ನು ಓದಿ ಪ್ರಯತ್ನಿಸುವವರಲ್ಲಿ ಒಂದು ವಿನಂತಿ: ಸೊಂಟನೋವಿನ ಜೊತೆ ಕಾಲಿನ ಬಲ ಕುಂದಿದ್ದರೆ, ತೊಡೆಸಂದು ಮರಗಟ್ಟಿದ್ದರೆ ಅಥವಾ ಮೂತ್ರದ ಹಿಡಿತ ತಪ್ಪಿದ್ದರೆ ಇವೆಲ್ಲವನ್ನೂ ಬಿಟ್ಟು ತಕ್ಷಣ ವೈದ್ಯರ ಬಳಿಗೆ ಹೋಗಬೇಕು.

ಇಂದು ಬೆಳಿಗ್ಗೆ ಬಲಗಾಲಿನಲ್ಲಿ ನಿಂತಾಗ ದಾರ ಜಾರಿದ್ದು 18ನೆಯ ಸೆಕೆಂಡಿಗೆ. ಗೋಡೆಯ ವ್ಯಾಯಾಮ 12ಕ್ಕೆ ಬಂದಿದೆ. ಮಂಚದ ಪರೀಕ್ಷೆಯನ್ನು ಇನ್ನೆರಡು ವಾರ ಮುಟ್ಟುವುದಿಲ್ಲ.