ಮೂವತ್ತಾರು ಕಡ್ಡಿಯ ಗಾಲಿ

ಹುಬ್ಬಳ್ಳಿಯಿಂದ ಗದಗಿಗೆ ಹೆಚ್ಚುಕಡಿಮೆ 58 ಕಿಲೋಮೀಟರು. ನನ್ನ ಸೈಕಲ್ಲಿನ ಗಾಲಿ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ನೆಲ ಅಳೆಯುತ್ತದೆ. ಅಂದರೆ ಗದಗ ಮುಟ್ಟುವಷ್ಟರಲ್ಲಿ ಅದು ಸುಮಾರು 27 ಸಾವಿರ ಸಲ ಉರುಳಬೇಕು. ಈ ಲೆಕ್ಕ ಹಾಕಿದ್ದು ಅಣ್ಣಿಗೇರಿ ದಾಟಿದ ಮೇಲೆ, ರಸ್ತೆ ಬದಿಯ ಬೇವಿನ ಮರದ ಕೆಳಗೆ ಕುಳಿತು. ಹಿಂದಿನ ಗಾಲಿ ಹೊಯ್ದಾಡಿ ಹೊಯ್ದಾಡಿ ಕೊನೆಗೆ ತಿರುಗುವುದನ್ನೇ ನಿಲ್ಲಿಸಿತ್ತು. ನನಗೆ ಬೇರೆ ಕೆಲಸವಿರಲಿಲ್ಲ.

ಜನವರಿ ತಿಂಗಳು. ಲಕ್ಕುಂಡಿಯಲ್ಲಿ ಒಂದು ರಾತ್ರಿ ಉಳಿದು, ಮರುದಿನ ಕೊಪ್ಪಳದ ಮೇಲೆ ಹಂಪಿಯ ದಾರಿ ಹಿಡಿಯುವ ಯೋಚನೆ. ಕ್ಯಾರಿಯರಿನ ಎರಡೂ ಬದಿಗೆ ಚೀಲ ಇಳಿಬಿಟ್ಟಿದ್ದೆ. ನಮ್ಮ ಅಜ್ಜ ಸಂತೆಗೆ ಹೋಗುವಾಗ ಹೆಗಲಿಗೆ ಹಾಕುತ್ತಿದ್ದ ಹಸಿಬೆ ಚೀಲದ ಮೊಮ್ಮಕ್ಕಳು ಇವು, ಬೆಲೆ ಮಾತ್ರ ಅಜ್ಜ ಕೇಳಿದರೆ ಎದೆ ಹಿಡಿದುಕೊಳ್ಳುವಷ್ಟು. ಡೇರೆ, ಹಾಸಿಗೆ, ಸ್ಟೋವು, ನೀರು, ಅವ್ವ ಬೇಡವೆಂದರೂ ತುರುಕಿದ ಎರಡು ಡಜನ್ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಸೇರಿ 18 ಕಿಲೋ. ನಾನು 78 ಕಿಲೋ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾರ ಹಿಂದಿನ ಗಾಲಿಯದೇ ಪಾಲು.

ತಾಮ್ರದ ಕೊಡಕ್ಕೆ ಚಮಚ ಬಡಿದಂಥ ಸಪ್ಪಳ ಬಂತು. ಇಳಿದು ನೋಡಿದರೆ ಬಲಬದಿಯ ಒಂದು ಕಡ್ಡಿ ಗಾಲಿಯ ನಡುವಿನ ಹಬ್ಬಿನ ಬುಡದಲ್ಲಿ, ಸರಿಯಾಗಿ ಬಾಗಿದ ಜಾಗದಲ್ಲಿ, ಕತ್ತರಿಸಿಕೊಂಡಿತ್ತು. ಹೊಸ ಕಡ್ಡಿ ಹಾಕಬೇಕೆಂದರೆ ಮೊದಲು ಹಲ್ಲುಚಕ್ರಗಳ ಗೊಂಚಲನ್ನು ಬಿಚ್ಚಬೇಕು, ಅದಕ್ಕೆ ಬೇರೆಯೇ ಪಾನಾ ಬೇಕು. ನನ್ನ ಹತ್ತಿರ ಆ ಪಾನಾ ಇರಲಿಲ್ಲ, ಕಡ್ಡಿಯೂ ಇರಲಿಲ್ಲ. ಬ್ರೇಕ್ ಸಡಿಲಿಸಿಕೊಂಡು ಮುಂದೆ ಹೊರಟೆ. ಎರಡು ಕಿಲೋಮೀಟರಿಗೆ ಇನ್ನೊಂದು ಹೋಯಿತು. ಒಂದು ಕಡ್ಡಿ ಹೋದರೆ ಅದರ ಪಾಲಿನ ಹೊರೆ ನೆರೆಯ ಕಡ್ಡಿಗಳ ಮೇಲೆ ಬೀಳುತ್ತದೆ, ಆಮೇಲೆ ಸರದಿ ನಿಲ್ಲುವುದಿಲ್ಲ. ಮೂರನೆಯದು ಮುರಿದಾಗ ಟೈರು ಚೌಕಟ್ಟಿಗೆ ಉಜ್ಜತೊಡಗಿತು. ಪಕ್ಕದ ಎರೆ ಹೊಲದಲ್ಲಿ ಕಡಲೆ ಕೀಳುತ್ತಿದ್ದ ಹೆಣ್ಣುಮಕ್ಕಳು ಕರೆದು ಸುಲಗಾಯಿ ಕೊಟ್ಟರು. ಅದನ್ನು ತಿನ್ನುತ್ತ ನನ್ನ ಗಾಲಿಯ ಕಡ್ಡಿಗಳನ್ನು ಮೊದಲ ಬಾರಿಗೆ ಎಣಿಸಿದೆ. ಇಪ್ಪತ್ತೆಂಟು. ಅದರಲ್ಲಿ ಮೂರು ಕಳೆಯಿರಿ.

ಕೊಳ್ಳುವಾಗ ಗೇರು ಎಷ್ಟು, ಬ್ರೇಕು ಯಾವುದು, ತೂಕ ಎಷ್ಟು ಎಂದೆಲ್ಲ ವಿಚಾರಿಸಿದ್ದೆ. ಅಂಗಡಿಯವರು ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ್ದರು, ನಾನೂ ಎತ್ತಿ ನೋಡಿ ಹಿಗ್ಗಿದ್ದೆ. ಕಪ್ಪು ಬಣ್ಣದ ಕಡ್ಡಿ ಚೆಂದ ಕಂಡಿತ್ತು. ಎಷ್ಟಿವೆ ಎಂದು ಕೇಳುವುದು ಮಾತ್ರ ಹೊಳೆದಿರಲಿಲ್ಲ. ಬರಿಮೈಯಲ್ಲಿ ಓಡಿಸಲು ಆ ಗಾಲಿ ಚೆನ್ನಾಗಿಯೇ ಇತ್ತು, ಸಂಸಾರ ಹೊರಿಸಿದ್ದು ನನ್ನ ತಪ್ಪು.

ಟಂಟಂ ಹಿಡಿದು ಅಣ್ಣಿಗೇರಿ, ಅಲ್ಲಿಂದ ಸಾಮಾನಿನ ಟೆಂಪೊದಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತ ಹುಬ್ಬಳ್ಳಿ. ಆ ಪ್ರಯಾಣದ ಬಗ್ಗೆ ಇಷ್ಟು ಸಾಕು.

ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಅಂಗಡಿ ಎಂದರೆ ಒಂದು ಗೂಡು, ಮುಂದೆ ಗೋಣಿತಟ್ಟು, ಪಂಪು, ಪಂಕ್ಚರ್ ನೋಡುವ ನೀರಿನ ಬುಟ್ಟಿ. ಹಾಲಿನ ಕ್ಯಾನು ಹೇರುವವರ, ಗ್ಯಾಸ್ ಸಿಲಿಂಡರ್ ಸಾಗಿಸುವವರ ಸೈಕಲ್ಲುಗಳೇ ಅವರಲ್ಲಿಗೆ ಹೆಚ್ಚು ಬರುತ್ತವೆ. ನನ್ನ ಗಾಲಿಯನ್ನು ಎತ್ತಿ, ಒಂದು ಸುತ್ತು ತಿರುಗಿಸಿ, ಕೆಳಗಿಟ್ಟರು.

“ಮೂರು ಕಡ್ಡಿ ಹಾಕಿ ಬೆಂಡ್ ತೆಗೆದು ಕೊಡುತ್ತೇನೆ, ಒಯ್ಯಿ ತಮ್ಮಾ. ತಿಂಗಳೊಳಗೆ ಮತ್ತೆ ಬರುತ್ತೀ.”

“ಬರದಂತೆ ಏನು ಮಾಡಬೇಕು ಕಾಕಾ?”

ಗೋಡೆಗೆ ಒರಗಿಸಿದ್ದ ಹಾಲಿನವನ ಸೈಕಲ್ಲನ್ನು ಗದ್ದದಿಂದಲೇ ತೋರಿಸಿದರು. ನಮ್ಮ ಹಳೆಯ ಕರಿ ಸೈಕಲ್ಲುಗಳ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಎಲ್ಲಿ ಕೂರುತ್ತದೆ ಎಂಬುದನ್ನು ಆ ಗಾಲಿ ಕಟ್ಟಿದವರು ತಿಳಿದಿದ್ದರು. ನಾನು ಬಾಲ್ಯವಿಡೀ ಅಂಥದ್ದರ ಕ್ಯಾರಿಯರ್ ಮೇಲೆ ಕೂತವನು, ಒಮ್ಮೆಯೂ ಎಣಿಸಿರಲಿಲ್ಲ.

ಮುಂದಿನ ಎರಡು ವಾರ ಗಾಲಿಯ ವಿಷಯವನ್ನೇ ಓದಿದೆ, ಮನೆಯಲ್ಲಿ ಬೈಸಿಕೊಂಡೆ. ತಿಳಿದದ್ದರಲ್ಲಿ ಒಂದು ಸಂಗತಿ ಇನ್ನೂ ಬೆರಗು ಹುಟ್ಟಿಸುತ್ತದೆ. ಚಕ್ಕಡಿಯ ಕಟ್ಟಿಗೆಯ ಗಾಲಿಯಲ್ಲಿ ಭಾರವು ಕೆಳಗಿನ ಅರೆಗಳ ಮೇಲೆ ಕಂಬದ ಮೇಲೆ ನಿಂತಂತೆ ನಿಲ್ಲುತ್ತದೆ. ಸೈಕಲ್ಲಿನ ಎರಡು ಮಿಲಿಮೀಟರ್ ತಂತಿಯ ಮೇಲೆ ಯಾವುದೂ ನಿಲ್ಲಲಾರದು, ನೆಲಕ್ಕೆ ಊರಿ ಒತ್ತಿದರೆ ಬಾಗುತ್ತದೆ. ಅದಕ್ಕೇ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದು ಎಳೆದಿಟ್ಟಿರುತ್ತಾರೆ. ಭಾರ ಬಿದ್ದಾಗ ನೆಲದ ಕಡೆಗೆ ಬಂದ ಕಡ್ಡಿಯ ಬಿಗಿ ಸ್ವಲ್ಪ ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಏರುತ್ತದೆ. ಸುತ್ತಿಗೊಮ್ಮೆ ಹೀಗೆ ಸಡಿಲಿ ಬಿಗಿದು, ಗದಗ ತಲುಪುವಷ್ಟರಲ್ಲಿ 27 ಸಾವಿರ ಸಲ. ತಂತಿಯನ್ನು ಹಿಂದೆಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಅದರದ್ದೇ ಸಾವಕಾಶದ ರೂಪ ಇದು. ಮೊದಲೇ ಸಡಿಲವಾಗಿದ್ದ ಕಡ್ಡಿ ಇನ್ನೂ ಬೇಗ ಹೋಗುತ್ತದೆ. ಹಲ್ಲುಚಕ್ರಗಳಿಗೆ ಜಾಗ ಬೇಕಾದ್ದರಿಂದ ಹಿಂದಿನ ಗಾಲಿಯ ಬಲಬದಿಯ ಕಡ್ಡಿಗಳು ಹೆಚ್ಚು ನೆಟ್ಟಗೆ, ಹೆಚ್ಚು ಬಿಗಿಯಾಗಿ ಇರುತ್ತವೆ, ಎಳೆತದ ಹೊರೆಯೂ ಅವಕ್ಕೇ ಹೆಚ್ಚು. ನನ್ನವು ಮೂರೂ ಅಲ್ಲಿಯವೇ.

ಕಾಕಾ 40 ಕಡ್ಡಿಯ ಹಬ್ಬನ್ನೇ ಹಾಕೋಣ ಎಂದರು. ಅದಕ್ಕೆ ನನ್ನ ಎಂಟು ಗೇರು ಕೂರುವುದಿಲ್ಲ ಎಂದೆ. “ಗೇರು ಯಾಕೆ ಬೇಕು? ಹಾಲಿನವನಿಗೆ ಇದೆಯೇ?” ಈ ವಾದ ಎರಡು ಚಹಾ ಮುಗಿಯುವವರೆಗೆ ನಡೆಯಿತು. ಕೊನೆಗೆ 36ಕ್ಕೆ ಒಪ್ಪಿದರು. ಬೆಂಗಳೂರಿನಿಂದ 36 ತೂತಿನ ಹಬ್ಬು, ಜೋಡಿ ಗೋಡೆಯ ಅಲ್ಯೂಮಿನಿಯಂ ರಿಮ್ಮು, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಹಿತ್ತಾಳೆಯ ನಿಪ್ಪಲ್ ತರಿಸಿದೆ. ಕಡ್ಡಿಯ ಉದ್ದವನ್ನು ಕಾಕಾ ಅಳೆದ ಬಗೆ ಸೊಗಸಾಗಿತ್ತು. ಎರಡು ತುಂಡು ಕಡ್ಡಿಗಳನ್ನು ರಿಮ್ಮಿನ ಎದುರುಬದುರು ತೂತುಗಳಿಗೆ ನಿಪ್ಪಲ್ ಸಮೇತ ಸಿಕ್ಕಿಸಿ, ನಡುವೆ ಎಳೆದು ಹಿಡಿದು ಅಳತೆ ತೆಗೆದರು. ಎಡಕ್ಕಿಂತ ಬಲಕ್ಕೆ ಒಂದೆರಡು ಮಿಲಿಮೀಟರ್ ಗಿಡ್ಡ ಎಂದು ಬೀಡಿ ಪೊಟ್ಟಣದ ಮೇಲೆ ಬರೆದುಕೊಂಡರು.

ಗಾಲಿ ಕಟ್ಟಿದ್ದು ಒಂದು ಭಾನುವಾರ. ಒಂದೊಂದು ಬದಿಗೆ ಹದಿನೆಂಟು ಕಡ್ಡಿ, ಒಂಬತ್ತು ಮುಂದಕ್ಕೆ ವಾಲಿದವು, ಒಂಬತ್ತು ಹಿಂದಕ್ಕೆ. ಪ್ರತಿಯೊಂದೂ ತನ್ನ ಬದಿಯ ಮೂರನ್ನು ದಾಟಬೇಕು, ಎರಡನ್ನು ಒಂದು ಕಡೆಯಿಂದ ದಾಟಿ ಮೂರನೆಯದರ ಆಚೆಗೆ ನುಸುಳಬೇಕು. ಹೊರಸು ಹೆಣೆಯುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕಾಕಾ ಮಾತಾಡುತ್ತಲೇ ಹೆಣೆದರು, ಬೆರಳು ತಮ್ಮಷ್ಟಕ್ಕೆ ಓಡುತ್ತಿದ್ದವು. ಎಲ್ಲ ಮುಗಿದ ಮೇಲೆ ನೋಡಿದರೆ ಗಾಳಿ ಹಾಕುವ ತೂತಿನ ಮೇಲೆಯೇ ಎರಡು ಕಡ್ಡಿಗಳು ಅಡ್ಡಗಟ್ಟಿವೆ. ಪಂಪಿನ ಬಾಯಿ ಹೋಗುವುದಿಲ್ಲ. ಒಂದು ತೂತು ತಪ್ಪಿತ್ತು. ಕಾಕಾ ಏನೂ ಹೇಳದೆ ಮೂವತ್ತಾರನ್ನೂ ಬಿಚ್ಚಿದರು. ಎರಡನೆಯ ಸಲ ಮಾತಾಡಲಿಲ್ಲ, ನನ್ನನ್ನೂ ಮಾತಾಡಗೊಡಲಿಲ್ಲ.

ಆಮೇಲೆ ಬಿಗಿಯುವ ಕೆಲಸ. ಸೈಕಲ್ಲನ್ನು ತಲೆಕೆಳಗು ಮಾಡಿ, ರಿಮ್ಮಿಗೆ ತಾಗಿಯೂ ತಾಗದಂತೆ ಸೀಮೆಸುಣ್ಣ ಹಿಡಿದು ಗಾಲಿ ತಿರುಗಿಸಿದರು. ಬಲಕ್ಕೆ ವಾಲಿದ ಕಡೆ ಬಿಳಿ ಗೆರೆ ಬಿತ್ತು. ಅಲ್ಲಿ ಎಡದ ಕಡ್ಡಿಗೆ ಕಾಲು ಸುತ್ತು ಬಿಗಿ, ಬಲದ್ದಕ್ಕೆ ಕಾಲು ಸುತ್ತು ಸಡಿಲ, ಒರೆಸಿ ಮತ್ತೆ ತಿರುಗಿಸುವುದು. ಗೆರೆ ಮೊಳದುದ್ದದಿಂದ ಗೇಣಿಗೆ, ಗೇಣಿನಿಂದ ಬೆರಳಿಗೆ ಇಳಿಯಿತು. ನಡುನಡುವೆ ಕಡ್ಡಿ ಮೀಟಿ ಕಿವಿಗೊಡುತ್ತಿದ್ದರು, ಒಂದೇ ಬದಿಯವೆಲ್ಲ ಒಂದೇ ಸ್ವರ ಕೊಡಬೇಕು. ಕೊನೆಗೆ ಪಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಂಡಿದರು. ಕಟಕಟ ಎಂದು ತಿರುಚಿಕೊಂಡಿದ್ದೆಲ್ಲ ಬಿಚ್ಚಿಕೊಂಡಿತು. ಮತ್ತೆ ಸೀಮೆಸುಣ್ಣ ಹಿಡಿದಾಗ ಗೆರೆ ಪುನಃ ಬಂದಿತ್ತು, ಮತ್ತೆ ಕಾಲು ಸುತ್ತು. ಗಾಲಿ ಯಂತ್ರದಲ್ಲಿ ಕಟ್ಟಿದ್ದೋ ಕೈಯಲ್ಲಿ ಕಟ್ಟಿದ್ದೋ ಎನ್ನುವುದಕ್ಕಿಂತ ಈ ಹಿಂಡುವ ಕೆಲಸ ಯಾರಾದರೂ ಮಾಡಿದ್ದಾರೋ ಇಲ್ಲವೋ ಎಂದು ನಾನೀಗ ಕೇಳುತ್ತೇನೆ.

ಸಾಮಾನು, ಕೂಲಿ ಸೇರಿ ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಿಮೆ ಆಯಿತು. ತೆಳ್ಳನೆಯ ಟೈರು ತೆಗೆದು 38 ಮಿಲಿಮೀಟರಿನದು ಹಾಕಿಸಿದೆ. ರಸ್ತೆಯ ಗುಂಡಿ ಮೊದಲು ಬಡಿಯುವುದು ಅದಕ್ಕೇ. ಹಳೆಯ ಮೂರು ಕಡ್ಡಿಗಳನ್ನು ಕಾಕಾ ನನ್ನ ಕೈಗಿತ್ತರು. “ಚೀಲದಲ್ಲಿ ಇರಲಿ. ಗಟ್ಟಿ ತಂತಿ, ಎಲ್ಲಿಯೂ ಸಿಗುವುದಿಲ್ಲ.”

ಫೆಬ್ರುವರಿಯಲ್ಲಿ ಮತ್ತೆ ಹೊರಟೆ, ಅದೇ 18 ಕಿಲೋ, ಅದೇ ರೊಟ್ಟಿ. ಅಣ್ಣಿಗೇರಿ ದಾಟಿ ಬೇವಿನ ಮರ ಹಿಂದಾಯಿತು. ಹುಲಕೋಟಿ ಹತ್ತಿರ ಬರುವಾಗ ಮತ್ತೆ ಟಣ್ ಎಂದಿತು. ಇಳಿದು ಬಲಬದಿ ಎಣಿಸಿದೆ, ಹದಿನೆಂಟು. ಎಡಬದಿ ಎಣಿಸಿದೆ, ಹದಿನೆಂಟು. ಎರಡನೆಯ ಸಲ ಎಣಿಸುವಾಗ ಎಡಗಡೆಯ ಚೀಲ ಜೋತು ಬಿದ್ದದ್ದು ಕಣ್ಣಿಗೆ ಬಿತ್ತು. ಕ್ಯಾರಿಯರಿನ ಬೋಲ್ಟು ಕಳಚಿ ಎಲ್ಲಿಯೋ ಉರುಳಿಹೋಗಿತ್ತು. ಮುರಿದ ಕಡ್ಡಿಯೊಂದನ್ನು ತೆಗೆದು, ನಡುವೆ ಮಡಚಿ, ಬೋಲ್ಟಿನ ತೂತಿನಲ್ಲಿ ತೂರಿಸಿ, ಇಕ್ಕಳದಿಂದ ಎರಡೂ ತುದಿಗಳನ್ನು ತಿರುಚಿದೆ. ಲಕ್ಕುಂಡಿ ಮುಟ್ಟುವವರೆಗೂ ಅದು ಹಾಗೆಯೇ ಹಿಡಿದುಕೊಂಡಿತ್ತು.