ಬಾಣೆ ಮೇಯುವ ದನಕ್ಕೆ ಹೋರಿ ಆರಿಸುವ ಮುನ್ನ

ಕೊಡಗಿನಲ್ಲಿ ಕೃತಕ ಗರ್ಭಧಾರಣೆಯ ಕೆಲಸಕ್ಕೆ ಹೊಸದಾಗಿ ಬರುವವರು ವೀರ್ಯದ ಕಂಟೈನರ್ ಮುಚ್ಚಳ ತೆಗೆಯುವ ಮೊದಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಹಸು ಎಲ್ಲಿ ಮೇಯುತ್ತದೆ? ಕೊಟ್ಟಿಗೆಯಲ್ಲೇ ಕಟ್ಟಿ, ಹಿಂಡಿ ಹಾಕಿ, ಡೇರಿಗೆ ಹಾಲು ಕೊಡುವ ಮನೆಯ ಹಸುವಿಗೆ ಜೆರ್ಸಿ ಕಡ್ಡಿ (ಹೋರಿಯ ವೀರ್ಯ ತುಂಬಿದ ಸ್ಟ್ರಾ) ಸರಿ. ಬಾಣೆ (ಗದ್ದೆಗೆ ಸೇರಿದ ಮೇವಿನ ಜಾಗ), ಪೈಸಾರಿ (ಸರ್ಕಾರಿ ಬೀಳುಭೂಮಿ) ಸುತ್ತಿ ಸಂಜೆ ತಾನಾಗಿ ಮನೆಗೆ ಬರುವ ಮಲೆನಾಡು ಗಿಡ್ಡಕ್ಕೆ ಅದನ್ನೇ ಹಾಕಿದರೆ ತೊಂದರೆ ಗೊತ್ತಾಗುವುದು ಕರು ಹಾಕುವ ಹೊತ್ತಿಗೆ. ಗಿಡ್ಡ ಹಸುವಿನ ಎತ್ತರ ಸುಮಾರು 90 ಸೆಂ.ಮೀ., ತೂಕ 100 ಕೆ.ಜಿ. ಆಸುಪಾಸು. ಮಿಶ್ರತಳಿ ಕರು ಅದರ ಸೊಂಟದ ದಾರಿಗೆ ದೊಡ್ಡದಾಗಿಬಿಡುತ್ತದೆ. ಚೊಚ್ಚಲ ಕಡಸಾದರೆ ತಾಯಿ, ಕರು ಎರಡೂ ಕೈತಪ್ಪಬಹುದು.

ದನ ಮೇಯಿಸಿ ಬದುಕುವವರ ಕಣ್ಣು ಮೊದಲು ಕೆಚ್ಚಲಿಗೆ ಹೋಗುವುದಿಲ್ಲ, ಕಾಲಿಗೆ ಹೋಗುತ್ತದೆ. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಗದ್ದೆ ಬದು, ತೋಟದ ಇಳಿಜಾರು ಎಲ್ಲವೂ ಕೆಸರು. ಕಪ್ಪಗೆ, ಗಟ್ಟಿಯಾಗಿ, ಎರಡು ಸೀಳೂ ಒತ್ತಾಗಿ ಕೂತ ಗೊರಸು ತಡೆಯುತ್ತದೆ. ಅಗಲವಾಗಿ ಬಿಚ್ಚಿಕೊಂಡ ಮೆತ್ತನೆಯ ಗೊರಸಿನ ಸಂದಿಯಲ್ಲಿ ಕೆಸರು ನಿಂತು ಕೊಳೆತ ಶುರುವಾಗುತ್ತದೆ. ಕಾಲೆತ್ತಿಸಿ ಸಂದಿಯನ್ನು ಬಟ್ಟೆಯಲ್ಲಿ ಒರೆಸಿ ಮೂಸಿ ನೋಡಿ, ಹಿಮ್ಮಡಿ ಒತ್ತಿ ನೋಡಿ. ನಾತವಿದ್ದರೆ ಅಥವಾ ಕಾಲು ಸೆಳೆದುಕೊಂಡರೆ ಆ ದನ ಬೇಡ.

ಆಮೇಲೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ (ಉಣುಗು). ಬಾಲದ ಬುಡ, ಕಿವಿಯ ಒಳಗು, ಕೆಚ್ಚಲಿನ ಹಿಂದಿನ ಮಡಿಕೆ, ಈ ಮೂರು ಕಡೆ ಬೆರಳಾಡಿಸಬೇಕು. ಒಂದೇ ಬಾಣೆಯಲ್ಲಿ ಮೇದ ಎರಡು ಹಸುಗಳಲ್ಲಿ ಒಂದರ ಮೈತುಂಬ ಉಣ್ಣೆ, ಇನ್ನೊಂದರಲ್ಲಿ ನಾಲ್ಕೈದು ಇದ್ದರೆ ಎರಡನೆಯದರ ಕರುವನ್ನೇ ಉಳಿಸಿಕೊಳ್ಳುತ್ತಾರೆ. ಕೆಳರೆಪ್ಪೆ ಎಳೆದು ನೋಡಿದಾಗ ಒಳಗೆ ಕೆಂಪಿರಬೇಕು. ಬಿಳಿಚಿಕೊಂಡು, ಜ್ವರವಿದ್ದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕಿದ್ದರೆ ಅದು ಉಣ್ಣೆಯಿಂದ ಬರುವ ಬಬೇಸಿಯ. ಅದಕ್ಕೆ ಅಂದೇ ಚಿಕಿತ್ಸೆ ಆಗಬೇಕು, ಬೆದೆಯ ಮಾತು ಆಮೇಲೆ.

ಗಿಡ್ಡ ಹಸು ದಿನಕ್ಕೆ ಒಂದೆರಡು ಲೀಟರ್ ಕೊಟ್ಟರೆ ಹೆಚ್ಚು. ಆದ್ದರಿಂದ ತಾಯಿಯ ಹಾಲಿಗಿಂತ ತಾಯಿಯ ನಡತೆ ಕೇಳುತ್ತಾರೆ: ಕರು ಬಿಟ್ಟು ಹೋಗುತ್ತದೆಯೇ, ಕಂದು ಹಾಕಿದೆಯೇ (ಗರ್ಭ ಇಳಿದಿದೆಯೇ), ಎಷ್ಟು ವರ್ಷಕ್ಕೊಂದು ಕರು, ಕರು ಹಾಕಿದ ಮೇಲೆ ಕಸ (ಮಾಸು) ತಾನಾಗಿ ಬೀಳುತ್ತದೆಯೇ, ಸಂಜೆ ಮನೆ ಹಾದಿ ಹಿಡಿಯುತ್ತದೆಯೇ. ಹುಲಿ ಬರುವ ನಾಗರಹೊಳೆ ಅಂಚಿನ ಊರುಗಳಲ್ಲಿ ಕೊನೆಯ ಪ್ರಶ್ನೆ ಹಾಲಿನ ಪ್ರಶ್ನೆಗಿಂತ ದೊಡ್ಡದು. ತಾಯಿ ಸಾಲನ್ನು ಹೀಗೆ ನೆನಪಿಟ್ಟುಕೊಳ್ಳುವುದು ಇಲ್ಲಿ ಮಾತ್ರವಲ್ಲ. ಉಗಾಂಡದಲ್ಲಿ ಅಂಕೋಲೆ ದನ ಸಾಕುವ ಬಹಿಮಾ ಜನರೂ ಕಡುಗೆಂಪು ಮೈ, ದೊಡ್ಡ ಬಿಳಿ ಕೊಂಬಿನ ಜೊತೆಗೆ ತಾಯಿಯ ಚರಿತ್ರೆ ಕೇಳಿಯೇ ಹೋರಿ ಉಳಿಸಿಕೊಳ್ಳುತ್ತಾರೆ.

ಕುಶಾಲನಗರದ ಕಡೆ ಹಳ್ಳಿಕಾರ್ ಎತ್ತು ಕೊಳ್ಳುವವರು ಮೈಕೂದಲಿನ ಸುಳಿಯನ್ನೂ ನೋಡುತ್ತಾರೆ. ಸುಳಿಯಿಂದ ದನದ ಆರೋಗ್ಯ ಬದಲಾಗುವುದಿಲ್ಲ, ಬೆಲೆ ಬದಲಾಗುತ್ತದೆ. ವಾದ ಮಾಡದೆ ಕರುವಿನ ದಾಖಲೆಯಲ್ಲಿ ಬರೆದಿಡಿ.

ನಮ್ಮ ಕಡೆ ತಳಿ ಹೆಚ್ಚು ಕೆಟ್ಟಿರುವುದು ಹೋರಿಯ ವಿಷಯದಲ್ಲಿ. ಉಳುಮೆಯ ಕಾಲದಲ್ಲಿ ಎದೆ ಅಗಲ, ಕಾಲು ನೇರ ಇದ್ದ ಗಂಡುಕರುವಿಗೆ ಮೊದಲು ಬೀಜ ಒಡೆಸಿ ಎತ್ತು ಮಾಡುತ್ತಿದ್ದರು. ಸಣಕಲು ಕರು ಹಾಗೇ ಉಳಿದು ಮಂದೆಯ ಹೋರಿಯಾಗುತ್ತಿತ್ತು. ಟಿಲ್ಲರ್ ಬಂದ ಮೇಲೆ ಬೀಜ ಒಡೆಸುವುದೂ ನಿಂತಿತು, ಎಲ್ಲವೂ ಹೋರಿಗಳೇ. ಬೇಡದ ಗಂಡುಕರುಗಳಿಗೆ ಒಂದು ವರ್ಷ ತುಂಬುವುದರೊಳಗೆ ಬರ್ಡಿಜೊ (ಬೀಜದ ಬಳ್ಳಿಯನ್ನು ಚರ್ಮದ ಮೇಲಿನಿಂದ ಹಿಸುಕುವ ಇಕ್ಕಳ) ಹಾಕಿಸಿ. ಬಳ್ಳಿಯನ್ನು ಎರಡೂ ಕಡೆ ಬೇರೆ ಬೇರೆಯಾಗಿ ಹಿಡಿದು ಒತ್ತಬೇಕು. ಬಳ್ಳಿ ಜಾರಿ ಬರೀ ಚರ್ಮ ಸಿಕ್ಕಿದರೆ ಹೋರಿ ಹೋರಿಯಾಗೇ ಉಳಿಯುತ್ತದೆ. ಮಂದೆಯ 30-40 ಹಸುವಿಗೆ ಆರಿಸಿದ ಒಂದು ಹೋರಿ ಸಾಕು.

ಆ ಹೋರಿಯನ್ನೂ ಒಂದೇ ಮಂದೆಯಲ್ಲಿ ಮೂರು ವರ್ಷ ದಾಟಿಸಬಾರದು. ಹಾರಿದ ಒಂಬತ್ತು ತಿಂಗಳಿಗೆ ಅದರ ಹೆಣ್ಣುಕರು, ಅಲ್ಲಿಂದ ಎರಡೂವರೆ-ಮೂರು ವರ್ಷಕ್ಕೆ ಆ ಕಡಸು ಬೆದೆಗೆ. ಅಷ್ಟರೊಳಗೆ ಹೋರಿ ಊರು ಬದಲಿಸದಿದ್ದರೆ ಅಪ್ಪನೇ ಮಗಳನ್ನು ಹಾರುತ್ತದೆ, ಕರುಗಳು ಸಣ್ಣಗಾಗುತ್ತಾ ಬರುತ್ತವೆ. ಪಕ್ಕದ ಊರಿನ ಜೊತೆ ಅದಲು ಬದಲು ಮಾಡಿಕೊಳ್ಳುವುದೇ ಸುಲಭ. ಬಂದ ಹೋರಿಯನ್ನು 21 ದಿನ ಬೇರೆ ಕಟ್ಟಿ, ಕಂದು ಹಾಕಿಸುವ ರೋಗವಾದ ಬ್ರೂಸೆಲ್ಲಾಗೆ ರಕ್ತ ಪರೀಕ್ಷೆ ಮಾಡಿಸಿ ಮಂದೆಗೆ ಬಿಡಿ.

ತಿಂಗಳ ಲೆಕ್ಕವನ್ನೂ ಯಾರೂ ಹಾಕುವುದಿಲ್ಲ. ಮಳೆ ಮುಗಿದು ಹುಲ್ಲು ಚೆನ್ನಾಗಿರುವ ಅಕ್ಟೋಬರ್‌ನಲ್ಲಿ ಹಸುಗಳು ಬೆದೆಗೆ ಬರುತ್ತವೆ. 280 ದಿನ ಕೂಡಿಸಿ: ಕರು ಬೀಳುವುದು ಜುಲೈ ನಡುವಿಗೆ, ಕಕ್ಕಡದ ಒದ್ದೆ ಕೊಟ್ಟಿಗೆಗೆ. ಎಳೆಗರುವಿಗೆ ಭೇದಿ, ಕೆಮ್ಮು ಅಲ್ಲಿಂದಲೇ. ಸಾಧ್ಯವಿದ್ದರೆ ಮೂರ್ನಾಲ್ಕು ಬೆದೆ ಬಿಟ್ಟು ಡಿಸೆಂಬರ್ ಕೊನೆ, ಜನವರಿಗೆ ಹಾಕಿಸಿದರೆ ಕರು ಅಕ್ಟೋಬರ್‌ಗೆ. ಬೆದೆ ಮರಳುವುದು 21 ದಿನಕ್ಕೊಮ್ಮೆ. ಗಿಡ್ಡದಲ್ಲಿ ಕೂಗು ಕಡಿಮೆ. ಲೋಳೆ, ಬೇರೆ ಹಸುವಿನ ಮೇಲೆ ಹತ್ತುವುದು, ಮೇವು ಬಿಡುವುದನ್ನು ಗಮನಿಸಿ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸಬೇಕು. ಕಡ್ಡಿಯನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಇಟ್ಟು, ಹನಿ ನೀರೂ ಉಳಿಯದಂತೆ ಒರೆಸಿ ವೀರ್ಯ ಬಿಡುವ ಗನ್ನಿಗೆ ಹಾಕಿ.