ಅವಳಿಗೆ ನಿಜವಾಗಿಯೂ ಕಾಯಿಲೆ ಇತ್ತೇ?

‘ಗರ್ಲ್, ಇಂಟರಪ್ಟೆಡ್’ ಚಿತ್ರವನ್ನು ನಾನು ಯಾರಿಗೆ ತೋರಿಸಿದರೂ ಕೊನೆಗೆ ಬರುವುದು ಒಂದೇ ಪ್ರಶ್ನೆ: ಮನೋರೋಗ ಆಸ್ಪತ್ರೆ ಸೇರುವ ಅದರ ನಾಯಕಿ ಸುಸಾನಾಗೆ ನಿಜವಾಗಿಯೂ ಕಾಯಿಲೆ ಇತ್ತೇ, ಇಲ್ಲ ಬರೀ ಹಟವೇ? ಬಾಯಲ್ಲಿ ಉತ್ತರಿಸಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ. ಕಾಯಿಲೆ ಇತ್ತು. ವೈದ್ಯರು ಅದನ್ನು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದರು, ಅಂದರೆ ಭಾವನೆ, ಸಂಬಂಧ, ತನ್ನ ಬಗೆಗಿನ ಅರಿವು ಯಾವುದೂ ಸ್ಥಿರವಾಗಿ ನಿಲ್ಲದ ವ್ಯಕ್ತಿತ್ವದ ಕಾಯಿಲೆ. ಹಟವೂ ಇತ್ತು, ಏಕೆಂದರೆ ಅವಳಿಗಾಗ 18 ವರ್ಷ. ಇವೆರಡೂ ಒಬ್ಬಳಲ್ಲೇ ಇರಬಾರದೆಂಬ ನಿಯಮವನ್ನು ಯಾರು ಮಾಡಿದರೋ ನಾನರಿಯೆ.

ಜೇಮ್ಸ್ ಮ್ಯಾಂಗೋಲ್ಡ್ ನಿರ್ದೇಶನದ ಈ 1999ರ ಚಿತ್ರಕ್ಕೆ ಆಧಾರ, ಸುಸಾನಾ ಕೇಸನ್ 1993ರಲ್ಲಿ ಪ್ರಕಟಿಸಿದ ಆತ್ಮಕಥನ. 1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮಕ್ಲೇನ್ ಮನೋರೋಗ ಆಸ್ಪತ್ರೆಗೆ ಸೇರಿದ ಕೇಸನ್, ಮುಂದಿನ ಎರಡು ವರ್ಷಗಳ ಬಹುಪಾಲನ್ನು ಅಲ್ಲಿ ಕಳೆದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಕಾಯಿಲೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1980ರಲ್ಲಷ್ಟೇ. ತಮಗೆ ನಿಜವಾಗಿ ಏನಾಗಿತ್ತೆಂದು ಕೇಸನ್ ಅವರೂ ಪುಸ್ತಕದಲ್ಲಿ ಕೇಳಿಕೊಂಡಿದ್ದಾರೆ. ವಕೀಲರ ನೆರವಿನಿಂದ ಆಸ್ಪತ್ರೆಯ ಕಡತವನ್ನು ತರಿಸಿಕೊಂಡು, ಅದರ ಹಾಳೆಗಳನ್ನು ಪುಸ್ತಕದಲ್ಲೇ ಅಚ್ಚು ಹಾಕಿಸಿದ್ದಾರೆ. ಅವರಿಗೆ ಆ ಹಕ್ಕಿದೆ. ಎರಡು ಗಂಟೆ ಸಿನಿಮಾ ನೋಡಿ ರೋಗನಿರ್ಣಯಕ್ಕೆ ಇಳಿಯುವವರಿಗೆ ಅದು ಎಲ್ಲಿಂದ ಬಂತು?

ಒಂದು ಪ್ರದರ್ಶನದ ನಂತರ ಹಿರಿಯರೊಬ್ಬರು ಎದ್ದು ನಿಂತು, “ಇವಳು ಕಿರುಚಲಿಲ್ಲ, ಯಾರ ಮೇಲೂ ಏರಿ ಹೋಗಲಿಲ್ಲ, ‘ಆಪ್ತಮಿತ್ರ’ದ ನಾಗವಲ್ಲಿಯ ಹಾಗೆ ಬದಲಾಗಲೂ ಇಲ್ಲ, ಕೂತು ಡೈರಿ ಬರೆದಳು. ಕಾಯಿಲೆ ಎಲ್ಲಿ ಕಂಡಿತು ಸ್ವಾಮಿ ನಿಮಗೆ?” ಎಂದರು. ಸಭೆ ನಕ್ಕಿತು, ನನಗೆ ಮಾತ್ರ ನಗು ಬರಲಿಲ್ಲ. ಸುಸಾನಾಳೊಳಗೆ ಇನ್ನೊಬ್ಬಳಿಲ್ಲ, ತಾನು ಯಾರೆಂಬುದೇ ಗಟ್ಟಿಯಾಗಿ ನಿಲ್ಲದಿರುವುದು ಅವಳ ಸಂಕಟ. ಕೈಬಿಟ್ಟುಹೋದಾರೆಂಬ ಭಯ, ಇಂದು ದೇವರಂತೆ ಕಂಡವರು ನಾಳೆ ಶತ್ರುವಾಗುವುದು, ತಡೆಯಲಾಗದ ಸಿಟ್ಟು, ಬಿಡದೆ ಕಾಡುವ ಖಾಲಿತನ, ಹೀಗೆ ಕೈಪಿಡಿ ಹೇಳುವ 9 ಲಕ್ಷಣಗಳಲ್ಲಿ ಕನಿಷ್ಠ 5 ಇದ್ದರೆ ಈ ಕಾಯಿಲೆ ಎನ್ನುತ್ತಾರೆ. ಖಾಲಿತನವನ್ನು ಕ್ಯಾಮೆರಾ ಹೇಗೆ ಹಿಡಿಯಬೇಕು? ಸುಸಾನಾ ಪಾತ್ರದ ವಿನೋನಾ ರೈಡರ್ ಅದನ್ನು ನೋಟದಲ್ಲೇ ತಂದಿದ್ದಾರೆಂಬುದು ನನ್ನ ಅಭಿಪ್ರಾಯ. ಆದರೆ ಆಸ್ಕರ್ ಹೋದದ್ದು ಅದೇ ಆಸ್ಪತ್ರೆಯ ಇನ್ನೊಬ್ಬ ರೋಗಿ, ಅಬ್ಬರದ ಲೀಸಾ ಪಾತ್ರದ ಆಂಜಲೀನಾ ಜೋಲಿಗೆ. ಪ್ರಶಸ್ತಿ ಕೊಡುವವರ ಕಣ್ಣೂ ಆ ಹಿರಿಯರ ಕಣ್ಣಿಗಿಂತ ಹೆಚ್ಚು ಬೇರೆಯಾಗಿರಲಿಲ್ಲವೆನ್ನಿ.

ಇಷ್ಟೆಲ್ಲ ಕೇಳುವವರಲ್ಲಿ ಒಬ್ಬರಾದರೂ “ಆಮೇಲೆ ಅವಳು ಹೇಗೆ ಬದುಕಿದಳು?” ಎಂದು ಕೇಳಬಾರದೇ ಎನಿಸುತ್ತದೆ. ಸುಸಾನಾ ಟ್ಯಾಕ್ಸಿ ಹತ್ತಿ ಆಸ್ಪತ್ರೆಯಿಂದ ಹೊರಟೊಡನೆ ಚಿತ್ರ ಮುಗಿಯುತ್ತದೆ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ ಅಲ್ಲಿಗೇ ನಿಲ್ಲಲಿಲ್ಲ. ಕಲ್ಪನಾ ನಟಿಸಿದ ಕಾವೇರಿಯ ಕಾಯಿಲೆ ಹೆರಿಗೆಯ ನಂತರ ಬಂದದ್ದು, ಇದಲ್ಲ. ಆದರೆ ಗುಣವಾಗಿ ಮನೆಗೆ ಮರಳಿದವಳ ಪ್ರತಿಯೊಂದು ನಡೆಯನ್ನೂ ಅನುಮಾನದಿಂದ ಅಳೆಯುವ ಮನೆಯವರನ್ನೂ ನೆರೆಹೊರೆಯನ್ನೂ ಆ ಚಿತ್ರ ಬಿಡದೆ ತೋರಿಸಿತು.

ಕೇಸನ್ ಇದ್ದ ಅದೇ ಮಕ್ಲೇನ್‌ನಲ್ಲಿ ಸಂಶೋಧಕಿ ಮೇರಿ ಜನಾರಿನಿ ಮತ್ತು ಸಂಗಡಿಗರು, ಬಾರ್ಡರ್‌ಲೈನ್ ಇದ್ದ 290 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. 2010ರಲ್ಲಿ ಅವರು ಪ್ರಕಟಿಸಿದ ಪ್ರಕಾರ, 10 ವರ್ಷಗಳಲ್ಲಿ ಶೇ. 93ರಷ್ಟು ಜನರಲ್ಲಿ ಕಾಯಿಲೆಯ ಲಕ್ಷಣಗಳು ಇಳಿದು, ಕನಿಷ್ಠ ಎರಡು ವರ್ಷ ಹಾಗೆಯೇ ಉಳಿದಿದ್ದವು. ‘ವ್ಯಕ್ತಿತ್ವವೇ ಹಾಗೆ, ಅದೆಲ್ಲಿ ಹೋಗುತ್ತದೆ’ ಎನ್ನುವವರು ಈ ಸಂಖ್ಯೆಯನ್ನು ಇನ್ನೊಮ್ಮೆ ಓದಬೇಕು. ಆದರೆ ಲಕ್ಷಣ ಇಳಿಯುವುದರ ಜೊತೆಗೆ ದುಡಿಮೆಯೂ ಒಡನಾಟವೂ ನೆಟ್ಟಗೆ ನಡೆಯುವ ಮಟ್ಟಕ್ಕೆ ಬಂದವರು ಅರ್ಧದಷ್ಟೇ. ಆಸ್ಪತ್ರೆಯಿಂದ ಹೊರಟ ಟ್ಯಾಕ್ಸಿಗೂ ಈ ಅರ್ಧಕ್ಕೂ ನಡುವೆ ಏನಾಗುತ್ತದೆಂದು ಕೇಳಿ, ಆಗ ಎಷ್ಟು ಹೊತ್ತಾದರೂ ಮಾತನಾಡುತ್ತೇನೆ.